ಪಾಣಬುಡಿಗೆ ನೀರು

ಆ ಬೇಸಿಗೆಯಲ್ಲಿ ಬೆಳಗಿನ ನಲ್ಲಿ ನೀರು ಬಂದ ಕೂಡಲೇ ಪಕ್ಕದ ಮನೆಯ ಕಾಕು ಕಂಪೌಂಡ್ ಗೋಡೆಯ ಮೇಲಿಂದ ತಲೆ ಹಾಕಿ ಕೂಗುತ್ತಿದ್ದಳು: “ವಹಿನೀ, ಪಾಣಬುಡೀಲಾ ಪಾಣೀ ಘಾತಲಂ ಕಾ?”

ಮರಾಠಿಯಲ್ಲಿ ಪಾಣಬುಡಿ ಎಂದರೆ ಜಲಾಂತರ್ಗಾಮಿ, ನೀರಿನೊಳಗೆ ಮುಳುಗಿ ಓಡುವ ಹಡಗು. ಅದಕ್ಕೆ ನೀರು ಹಾಕಿದಿರಾ ಎಂದು ಅವಳು ನಮ್ಮವ್ವನನ್ನು ಕೇಳುತ್ತಿದ್ದಳು. ಅವ್ವ ಸೊಂಟದ ಕೊಡ ಇಳಿಸದೇ, “ಹಾಕಾಕತ್ತೇನಿ ಬಾಯಿ, ಎಷ್ಟ ಹಾಕಿದ್ರೂ ಕುಡೀತೈತಿ ಈ ನಿನ್ನ ಪಾಣಬುಡಿ,” ಎಂದು ಕನ್ನಡದಲ್ಲೇ ಉತ್ತರ ಕೊಡುತ್ತಿದ್ದಳು. ಒಬ್ಬರ ಭಾಷೆ ಇನ್ನೊಬ್ಬರಿಗೆ ಚೆನ್ನಾಗಿ ತಿಳಿಯುತ್ತಿತ್ತು. ಆದರೆ ಇಪ್ಪತ್ತು ವರ್ಷದ ನೆರೆಹೊರೆಯಲ್ಲಿ ಇಬ್ಬರೂ ತಮ್ಮ ಮಾತು ಬಿಟ್ಟುಕೊಟ್ಟಿರಲಿಲ್ಲ.

ನೀರು ಹೋಗುತ್ತಿದ್ದದ್ದು ಕೂಲರಿಗೆ. ನಾಗಪುರದ ಕಡೆ ಒಂದು ಬೇಸಿಗೆ ಕಳೆದವರಿಗೆ ಕೂಲರನ್ನು ಪರಿಚಯಿಸಬೇಕಾಗಿಲ್ಲ. ತಗಡಿನ ದೊಡ್ಡ ಪೆಟ್ಟಿಗೆ, ಮೂರು ಬದಿಗೆ ಹುಲ್ಲಿನ ಮೆತ್ತೆ, ತಳದಲ್ಲಿ ನೀರು, ಒಳಗೆ ವಿಮಾನ ಹಾರಿದಂತೆ ಸದ್ದು ಮಾಡುವ ಫ್ಯಾನು. ಪ್ರತಿ ವರ್ಷ ಅದು ನಮ್ಮ ಮೂವರ ಮೇಲೆ ಬೀಸುತ್ತಿತ್ತು. ಆ ವರ್ಷ ಮಾತ್ರ ಅದರ ಮುಖ ಒಂದು ಕಂಪ್ಯೂಟರಿನ ಕಡೆಗಿತ್ತು. ಆ ಕಂಪ್ಯೂಟರಿನೊಳಗೆ, ನಾಗಪುರದ ಪಕ್ಕದ ಕೋರಾಡಿಯ ಒಂದು ಸರ್ಕಾರಿ ಕ್ವಾರ್ಟರ್ಸಿನ ಮುಂಗೋಣೆಯಲ್ಲಿ, ಒಂದು ಜಲಾಂತರ್ಗಾಮಿ ನಿಧಾನವಾಗಿ ತಿರುಗುತ್ತಿತ್ತು.

ನಮ್ಮ ಮನೆತನದಲ್ಲಿ ಪದವಿ ಪಡೆದ ಮೊದಲನೆಯವಳು ನಾನು. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಸುಮ್ಮನೆ ಬಂದದ್ದಲ್ಲ ಅದು. ಅಪ್ಪ ಬಾಗಲಕೋಟೆಯ ಕಡೆಯಿಂದ ಕಟ್ಟಡದ ಕೂಲಿಗೆಂದು ವಿದರ್ಭಕ್ಕೆ ಬಂದವನು. ಕೋರಾಡಿಯ ವಿದ್ಯುತ್ ಸ್ಥಾವರದಲ್ಲಿ ಮೊದಲು ದಿನಗೂಲಿ, ಆಮೇಲೆ ಕಲ್ಲಿದ್ದಲಿನ ವಿಭಾಗದಲ್ಲಿ ಕಾಯಂ ನೌಕರ. ಪಾಳಿ ಮುಗಿಸಿ ಬಂದರೆ ಅವನ ಕಣ್ಣಿನ ಸುತ್ತ ಕಾಡಿಗೆ ಹಚ್ಚಿದಂತೆ ಕಪ್ಪು. ಅವ್ವ ಅಂಕಿ ಓದುತ್ತಿದ್ದಳು, ಅಕ್ಷರ ಕೂಡಿಸಿ ಕೂಡಿಸಿ ಓದುತ್ತಿದ್ದಳು, ಅಷ್ಟೇ. ನಾನು ಕಾಲೊನಿಯ ಮರಾಠಿ ಶಾಲೆಯಲ್ಲಿ ಕಲಿತೆ. ಕನ್ನಡ ಓದಲು ಕಲಿಸಿದವನು ಅಪ್ಪ, ಊರಿನಿಂದ ಬರುವ ಸಾಮಾನಿಗೆ ಸುತ್ತಿದ ಪೇಪರಿನ ತುಂಡುಗಳ ಮೇಲೆ. ನಾಗಪುರದ ಕಾಲೇಜಿನಲ್ಲಿ ಎಂಜಿನಿಯರಿಂಗಿಗೆ ಸೀಟು ಸಿಕ್ಕಾಗ ಅವನು ಸ್ಥಾವರದ ಗೇಟಿನಲ್ಲಿ ನಿಂತು ಹೋಗಿಬರುವವರಿಗೆಲ್ಲ ಪೇಡೆ ಹಂಚಿದ. ಒಬ್ಬ ಗೆಳೆಯ, “ಮಗಳ ಮದುವಿ ಏನೋ?” ಎಂದು ಕೇಳಿದ್ದಕ್ಕೆ, “ಅದಕ್ಕಿಂತ ದೊಡ್ಡದು ತಮ್ಮಾ, ತಿನ್ನು,” ಅಂದನಂತೆ.

ಪದವಿ ಮುಗಿದ ಮೇಲೆ ಅದೇ ಕಾಲೇಜಿನಲ್ಲಿ ಎಂಟೆಕ್ ಸೇರಿದೆ. ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ನನ್ನ ಮಾರ್ಗದರ್ಶಕರು ಪಂಪು, ಕಾಲುವೆ, ಅಣೆಕಟ್ಟಿನ ತೂಬುಗಳಲ್ಲಿ ನೀರು ಹರಿಯುವ ರೀತಿಯನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುತ್ತಿದ್ದವರು. ಒಳ್ಳೆಯ ಮನುಷ್ಯ, ಸಿಟ್ಟು ಬಂದರೆ ಚಷ್ಮಾ ತೆಗೆದು ಒರೆಸುತ್ತಿದ್ದರು, ಬೈಯುತ್ತಿರಲಿಲ್ಲ. ಅವರಿಗೆ ಆ ವರ್ಷ ಒಂದು ವಿಚಿತ್ರ ಕೆಲಸ ಬಂದಿತ್ತು: ಹೇಳಿದ ಮಾತು ಕೇಳುವ ಜಲಾಂತರ್ಗಾಮಿಯ ಆಕಾರ ಹೇಗಿರಬೇಕು ಎಂದು ನೋಡುವುದು. ಚುಕ್ಕಾಣಿ ತಿರುಗಿಸಿದರೆ ತಿರುಗಬೇಕು, ಬಿಟ್ಟರೆ ನೆಟ್ಟಗಾಗಬೇಕು, ನಡುವೆ ತನ್ನ ಮನಸ್ಸಿಗೆ ಬಂದಂತೆ ಏರಬಾರದು, ಇಳಿಯಬಾರದು. ಆಕಾರವೇನೂ ಗುಟ್ಟಿನದಲ್ಲ. ಎಲ್ಲರೂ ಅಭ್ಯಾಸಕ್ಕೆ ಬಳಸುವ ಒಂದು ಸಾಮಾನ್ಯ ಹಡಗು: ಸೌತೆಕಾಯಿಯಂಥ ಒಡಲು, ಬೆನ್ನ ಮೇಲೆ ಒಂದು ಗೋಪುರ, ಬಾಲದಲ್ಲಿ ನಾಲ್ಕು ರೆಕ್ಕೆ.

ಸಮುದ್ರ ನೋಡದ ಊರಿನಲ್ಲಿ, ಸಮುದ್ರ ನೋಡದ ನನಗೆ ಆ ಕೆಲಸ ಬಂತು. ಹಡಗಿನ ಸುತ್ತಲಿನ ನೀರನ್ನು ಕಂಪ್ಯೂಟರಿನಲ್ಲಿ ಸಣ್ಣ ಸಣ್ಣ ತುಂಡಾಗಿ ಕತ್ತರಿಸಬೇಕು. ಪ್ರತಿ ತುಂಡಿಗೂ ಪಕ್ಕದ ತುಂಡು ಎಷ್ಟು ತಳ್ಳುತ್ತಿದೆ, ಇದು ಎತ್ತ ಹರಿಯುತ್ತಿದೆ ಎಂದು ಲೆಕ್ಕ ಮಾಡಬೇಕು. ಎಲ್ಲ ತುಂಡುಗಳೂ ಒಪ್ಪಿಕೊಳ್ಳುವ ತನಕ ಮತ್ತೆ ಮತ್ತೆ ಮಾಡುತ್ತಲೇ ಇರಬೇಕು. ಒಪ್ಪಿದ ಮೇಲೆ ಹಡಗಿನ ಮೇಲೆ ನೀರು ಎಲ್ಲಿ ಎಷ್ಟು ಒತ್ತುತ್ತಿದೆ ಎಂದು ಓದಿಕೊಳ್ಳಬಹುದು.

ನಮ್ಮ ಲ್ಯಾಬಿನಲ್ಲಿ ಒಂದು ಪದ್ಧತಿಯಿತ್ತು. ಏನೇ ಬಂದರೂ ಅರ್ಧ ಮಾಡುವುದು. ಯಂತ್ರದ ನೆನಪಿನ ಶಕ್ತಿ ಕಡಿಮೆ, ಆದ್ದರಿಂದ ಪೈಪಿನ ಅರ್ಧ, ಕಾಲುವೆಯ ಅರ್ಧ, ಪಂಪಿನ ಒಂದು ಎಸಳು ಮಾತ್ರ ಲೆಕ್ಕ ಹಾಕಿ ಉಳಿದದ್ದನ್ನು ಕನ್ನಡಿಯಲ್ಲಿ ಕಂಡಂತೆ ಸೇರಿಸಿಕೊಳ್ಳುವುದು. ನಾವು ಹಡಗನ್ನೂ ಹಾಗೇ ಮಾಡಿದೆವು. ಅಡ್ಡಕ್ಕೆ ಸೀಳಿ ಮೇಲಿನ ಅರ್ಧವನ್ನು ಲೆಕ್ಕ ಹಾಕಿದೆವು, ಕೆಳಗಿನದು ಹಾಗೇ ಎಂದುಕೊಂಡೆವು. ಹಡಗು ಬಲಕ್ಕೆ ತಿರುಗಿತು, ಎಡಕ್ಕೆ ತಿರುಗಿತು, ಅಂಗಳದಲ್ಲಿ ಚಕ್ಕಡಿ ತಿರುಗಿದಷ್ಟು ಸಮತಟ್ಟಾಗಿ.

ಚಳಿಗಾಲದಲ್ಲಿ ಕೆಲಸ ನೋಡಲು ಸಮಿತಿ ಬಂತು. ಅದರಲ್ಲಿ ನೌಕಾಪಡೆಯಿಂದ ನಿವೃತ್ತರಾದ ಒಬ್ಬ ಅಧಿಕಾರಿ ಇದ್ದರು. ವರ್ಷಗಟ್ಟಲೆ ನೀರಿನಡಿಯಲ್ಲಿ ಕಳೆದವರು. ನನ್ನ ಚಿತ್ರಗಳನ್ನೆಲ್ಲ ಸುಮ್ಮನೆ ನೋಡಿದರು. ಕೊನೆಗೆ ಚಹಾದ ಕಪ್ಪು ಕೆಳಗಿಟ್ಟು, “ಬೇಟಾ, ಆಪ್ ಕೀ ಬೋಟ್ ಬಹುತ್ ಶರೀಫ್ ಹೈ,” ಅಂದರು. ನಿಮ್ಮ ಹಡಗು ಬಲು ಮರ್ಯಾದಸ್ತ ಹಡಗು ಎಂದು. ಉಳಿದವರು ನಕ್ಕರು. ನಾನೂ ನಕ್ಕೆ. ಸಂಜೆ ಕೋರಾಡಿಯ ಬಸ್ಸಿನಲ್ಲಿ ಕೂತಾಗ ಆ ಮಾತು ಹೊಗಳಿಕೆಯಲ್ಲ ಅನಿಸತೊಡಗಿತು.

ಬಸ್ಸು ಕಾಲೊನಿ ಮುಟ್ಟುವುದರೊಳಗೆ ಹೊಳೆಯಿತು. ಪೈಪಿನ ಮೇಲೂ ಕೆಳಗೂ ಒಂದೇ. ಹಡಗಿನ ಮೇಲೆ ಗೋಪುರವಿದೆ, ಕೆಳಗೆ ಇಲ್ಲ. ನಾವು ಮೇಲಿನ ಅರ್ಧವನ್ನು ಕನ್ನಡಿಗೆ ಹಿಡಿದು, ಬೆನ್ನಿಗೊಂದು ಹೊಟ್ಟೆಗೊಂದು ಎಂದು ಎರಡು ಗೋಪುರಗಳ ಹಡಗನ್ನು ಓಡಿಸುತ್ತಿದ್ದೆವು. ಅಂಥ ಹಡಗು ಮರ್ಯಾದೆಯಿಂದ ತಿರುಗದೆ ಇನ್ನೇನು ಮಾಡೀತು? ನಮ್ಮ ಪೈಕಿ ಯಾರಿಗೂ ಅದು ಕಂಡಿರಲಿಲ್ಲ. ಅರ್ಧ ಮಾಡುವುದು ನಮಗೆ ಅಷ್ಟು ಕೈಗೆ ಹತ್ತಿತ್ತು.

ಮರುದಿನ ಸರ್‌ಗೆ ಹೇಳಿದೆ. ಚಷ್ಮಾ ತೆಗೆದು ಒರೆಸಿದರು. ಬಹಳ ಹೊತ್ತು ಒರೆಸಿದರು.

“ಇಡೀ ಹಡಗು ಮಾಡಬೇಕು,” ಅಂದೆ.

“ಮಶೀನು?”

“ಹೊಸ ಮೆಮರಿ ಹಾಕಿಸಿದರೆ ಹಿಡಿಯುತ್ತೆ ಸರ್. ನಿಧಾನ ಆಗುತ್ತೆ ಅಷ್ಟೇ.”

ಮೆಮರಿ ಬಂತು. ಆದರೆ ಬೇಸಿಗೆಯೂ ಬಂತು, ಅದರ ಹಿಂದೆಯೇ ಲೋಡ್‌ಶೆಡ್ಡಿಂಗ್ ಬಂತು. ಲ್ಯಾಬಿನ ಬ್ಯಾಟರಿಗೆ ವಯಸ್ಸಾಗಿತ್ತು. ಕರೆಂಟು ಹೋದರೆ ಸ್ವಲ್ಪ ಹೊತ್ತು ಕೀರಲು ದನಿ ತೆಗೆದು ಅದೂ ಮಲಗುತ್ತಿತ್ತು. ಲೆಕ್ಕವನ್ನು ನಡುನಡುವೆ ಉಳಿಸಿಕೊಳ್ಳುವ ಏರ್ಪಾಡೇನೋ ಇತ್ತು. ಆದರೆ ಉಳಿಸುತ್ತಿರುವಾಗಲೇ ಕರೆಂಟು ಹೋಗಿ ಎರಡು ಸಲ ಫೈಲೇ ಕೆಟ್ಟಿತು. ಎರಡು ಸಲವೂ ಮೊದಲಿನಿಂದ ಶುರು. ಮೇ ತಿಂಗಳ ಕೊನೆಗೆ ಸಮಿತಿ ಮತ್ತೆ ಬರುವುದಿತ್ತು. ಈ ಕೆಲಸ ನಾಗಪುರದಲ್ಲೇ ಮುಂದುವರಿಯಬೇಕೋ, ಕರಾವಳಿಯ ಯಾವುದಾದರೂ ದೊಡ್ಡ ಪ್ರಯೋಗಾಲಯಕ್ಕೆ ಹೋಗಬೇಕೋ ಎಂದು ಅವತ್ತೇ ತೀರ್ಮಾನ. ಮುಂದುವರಿದರೆ ಸಂಶೋಧಕಿಯ ಒಂದು ಹುದ್ದೆ ನನಗೆ. ಇಲ್ಲದಿದ್ದರೆ ಎಂಟೆಕ್‌ನ ಕಾಗದ ಹಿಡಿದುಕೊಂಡು ಮನೆಗೆ. ಅಪ್ಪನ ನಿವೃತ್ತಿ ಹತ್ತಿರವಾಗಿತ್ತು, ಅದರ ಜೊತೆಗೆ ಕ್ವಾರ್ಟರ್ಸ್ ಬಿಡುವುದೂ.

ಅಪ್ಪ ಊಟಕ್ಕೆ ಕೂತಾಗ ನಗುತ್ತಿದ್ದ. “ನೋಡವಾ, ಊರಿಗೆಲ್ಲಾ ಕರೆಂಟ್ ಮಾಡೋದು ನಿಮ್ಮಪ್ಪ, ನಿನ್ನ ಕಂಪ್ಯೂಟರ್‌ಗೆ ಕರೆಂಟ್ ಇಲ್ಲ.”

“ನಗಬ್ಯಾಡಪ್ಪ. ಇಲ್ಲಿ ಹೋಗೂದಽ ಇಲ್ಲಲ್ಲ, ಅಲ್ಲಿ ಯಾಕ ಹೋಗ್ತೈತಿ?”

“ಇದು ಪವರ್ ಹೌಸಿನ ಕಾಲೊನಿ. ತವರುಮನ್ಯಾಗ ಮಗಳಿಗೆ ಊಟ ಕಡಿಮಿ ಮಾಡ್ತಾರೇನು?”

ರೊಟ್ಟಿ ಕೈಯಲ್ಲೇ ಉಳಿಯಿತು. ನಾನು ಅವನ ಮುಖ ನೋಡಿದೆ. ಅವನು ತಮಾಷೆಗೆ ಹೇಳಿದ್ದು. ನಾನು ಅದನ್ನು ಹಿಡಿದುಕೊಂಡೆ.

ಸರ್ ಮೊದಲು ಒಪ್ಪಲಿಲ್ಲ. ಕಾಲೇಜಿನ ಯಂತ್ರ ಮನೆಗೆ? ಆಮೇಲೆ ವಿಭಾಗದ ಮುಖ್ಯಸ್ಥರ ಸಹಿ ತಂದುಕೊಟ್ಟರು. ಅವ್ವನ ಎರಡು ಕೌದಿಗಳಲ್ಲಿ ಕಂಪ್ಯೂಟರನ್ನು ಸುತ್ತಿ, ಮಡಿಲಲ್ಲಿ ಇಟ್ಟುಕೊಂಡು, ಆಟೋದಲ್ಲಿ ಕೋರಾಡಿ ರಸ್ತೆ ಹಿಡಿದೆ. ಗುಂಡಿ ಬಂದಾಗಲೆಲ್ಲ ಅಪ್ಪ ಮುಂದಿನಿಂದ, “ಭಾವೂ, ಹಳೂ ಹಳೂ, ಬಾಳಂತೀಣ ಆಹೆ!” ನಿಧಾನ, ಬಾಣಂತಿ ಇದ್ದಾಳೆ, ಎಂದು ಆಟೋದವನಿಗೆ ಹೇಳುತ್ತಿದ್ದ. ಆಟೋದವನು ಹಿಂತಿರುಗಿ ಕೌದಿಯ ಗಂಟನ್ನು ನೋಡಿ, ನಿಜವಾಗಿಯೂ ನಿಧಾನ ಮಾಡಿದ.

ಮುಂಗೋಣೆಯ ಮೇಜಿನ ಮೇಲೆ ಯಂತ್ರ ಕೂತಿತು. ಸೆಕೆಗೆ ಅದು ನಿಲ್ಲದಿರಲೆಂದು ಕೂಲರನ್ನು ಅದರ ಕಡೆ ತಿರುಗಿಸಿದೆವು, ತೇವ ನಿಲ್ಲದಿರಲೆಂದು ಎದುರಿನ ಕಿಟಕಿ ತೆರೆದಿಟ್ಟೆವು. ಮೊದಲ ದಿನವೇ ಒಂದು ಸಂಗತಿ ತಿಳಿಯಿತು. ಕೂಲರಿನ ಮೋಟಾರು ಶುರುವಾಗುವ ಕ್ಷಣಕ್ಕೆ ಬಲ್ಬು ಮಂಕಾಗುತ್ತಿತ್ತು, ಕಂಪ್ಯೂಟರು ಬೆಚ್ಚಿ ಬಿದ್ದು ಮತ್ತೆ ಮೊದಲಿನಿಂದ ಎದ್ದು ಕೂರುತ್ತಿತ್ತು. ಹಾಗಾಗಿ ಮನೆಗೆ ಕಾನೂನು ಬಂತು. ಕೂಲರ್ ಬಂದ್ ಮಾಡುವಂತಿಲ್ಲ, ಬಂದ್ ಮಾಡಿದರೆ ಮತ್ತೆ ಹಚ್ಚಬೇಕಾಗುತ್ತದೆ. ಹಗಲೂ ರಾತ್ರಿ ಓಡುವ ಕೂಲರಿಗೆ ನೀರು ತಪ್ಪಿಸುವಂತಿಲ್ಲ. ಇಸ್ತ್ರಿ ಇಲ್ಲ. ಮಿಕ್ಸರ್ ಇಲ್ಲ.

ಮಿಕ್ಸರ್ ಅವ್ವನಿಗೆ ಹೊಸದಾಗಿ ಬಂದಿತ್ತು. ಅದನ್ನು ಒರೆಸಿ ಬಟ್ಟೆ ಹೊದಿಸಿ ಅಟ್ಟದ ಮೇಲಿಟ್ಟಳು, ಹಿತ್ತಿಲಿನ ಒರಳನ್ನು ತೊಳೆದಳು. “ಎಂಥಾ ಎಂಜಿನಿಯರ್ ಹಡದೇನವಾ,” ಅಂದಳು ಕಡಲೆಕಾಯಿ ಕುಟ್ಟುತ್ತ. “ಮಂದಿ ಮಕ್ಕಳು ಓದಿದ್ರ ಮನೀಗೆ ಮಶೀನ್ ಬರ್ತಾವ. ನಮ್ಮನ್ಯಾಗ ಇದ್ದ ಮಶೀನ್ ಅಟ್ಟ ಏರ್ತಾವ.”

ಕಾಲೊನಿಯ ನಲ್ಲಿಯಲ್ಲಿ ನೀರು ಬರುವುದು ಬೆಳಗಿಗೊಮ್ಮೆ, ಸಂಜೆಗೊಮ್ಮೆ. ನಮ್ಮ ಪಾಲಿನದು ಕೂಲರಿಗೆ ಸಾಲಲಿಲ್ಲ. ಕಾಕು ಒಂದು ಬಕೆಟ್ ಕೊಟ್ಟಳು. ಎದುರಿನ ಮನೆಯವರು ಒಂದು. ಮಾತು ಹರಡಿತು. ಹಡಗು ನೋಡಲು ಜನ ಬರತೊಡಗಿದರು, ಬಂದವರು ಬರಿಗೈಲಿ ಬರಲಿಲ್ಲ, ನೀರು ತಂದರು. ಕಾಕು ಅವರನ್ನೆಲ್ಲ ತಾನೇ ಒಳಗೆ ಕರೆತಂದು ಪರದೆ ತೋರಿಸುತ್ತಿದ್ದಳು. ಪರದೆಯ ಮೇಲೆ ಸಾಲುಸಾಲಾಗಿ ಮೇಲೇರುವ ಅಂಕಿಗಳನ್ನು ಬಿಟ್ಟರೆ ಏನೂ ಇರಲಿಲ್ಲ.

“ಪಾಣಬುಡಿ ಕುಠೇ ಆಹೆ?” ಎಲ್ಲಿದೆ ಹಡಗು, ಎಂದು ಕೇಳುತ್ತಿದ್ದರು ಅವರು.

“ಬುಡಲೇಲಿ ಆಹೆ!” ಮುಳುಗಿದೆಯಲ್ಲ, ಕಾಣುವುದು ಹೇಗೆ, ಎಂದು ಕಾಕುವಿನ ಉತ್ತರ. ಪ್ರತಿ ಸಲವೂ ಅದೇ ಉತ್ತರ, ಪ್ರತಿ ಸಲವೂ ಅವಳೇ ಮೊದಲು ನಗುತ್ತಿದ್ದಳು.

ನಾವು ಮೂವರೂ ಒಳಕೋಣೆಯಲ್ಲಿ ನೆಲಕ್ಕೆ ನೀರು ಚಿಮುಕಿಸಿ ಮಲಗುತ್ತಿದ್ದೆವು. ಅಪ್ಪ ಪಾಳಿಗೆ ಹೊರಡುವ ಮುನ್ನ ಪರದೆಯ ಮುಂದೆ ಒಂದು ಗಳಿಗೆ ನಿಲ್ಲುತ್ತಿದ್ದ. “ನಾ ಅಲ್ಲಿ ಕಲ್ಲಿದ್ದಲು ಹಾಕ್ತೇನಿ, ನೀ ಇಲ್ಲಿ ಹಡಗ ತಿರುವು,” ಅನ್ನುತ್ತಿದ್ದ. ಇವತ್ತಿಗೂ ನಾನು ದೊಡ್ಡ ದೊಡ್ಡ ಯಂತ್ರಗಳ ಮೇಲೆ ಲೆಕ್ಕ ಓಡಿಸುತ್ತೇನೆ, ಅವು ಎಲ್ಲಿವೆ ಎಂದೂ ನನಗೆ ಗೊತ್ತಿರುವುದಿಲ್ಲ. ಆಗ ಮಾತ್ರ ಹಡಗನ್ನು ತಿರುಗಿಸುವ ಕರೆಂಟು ಯಾರ ಕೈಯಿಂದ ಬರುತ್ತಿದೆ ಎಂದು ಗೊತ್ತಿತ್ತು.

ಬಲಕ್ಕೆ ತಿರುಗುವ ಲೆಕ್ಕ ಮುಗಿಯಿತು. ಪ್ರತಿ ಸಾಲಿನ ಕೊನೆಯ ಅಂಕಿ ಹಡಗಿನ ಬಾಲವನ್ನು ನೀರು ಮೇಲೆ ಎತ್ತುತ್ತಿದೆಯೋ ಕೆಳಗೆ ಒತ್ತುತ್ತಿದೆಯೋ ಎಂದು ಹೇಳುವಂಥದ್ದು. ಅರ್ಧ ಹಡಗಿನಲ್ಲಿ ಅದು ಯಾವಾಗಲೂ ಸೊನ್ನೆ. ಇಡೀ ಹಡಗಿನಲ್ಲಿ ಸೊನ್ನೆಯಾಗಲಿಲ್ಲ. ಮೈನಸ್ ಆಗಿ ನಿಂತಿತು. ಅಂದರೆ, ಹಡಗನ್ನು ಬರೇ ಪಕ್ಕಕ್ಕೆ ತಿರುಗಿಸಿದರೂ ಬಾಲ ತಾನಾಗಿ ಕೆಳಗೆ ಕೂರುತ್ತಿತ್ತು. ಗೋಪುರದ ಹಿಂದೆ ಹುಟ್ಟಿದ ಸುಳಿ ಒಡಲಿನ ಮೇಲೆ ಹರಿದು ಹೋಗಿ ಹಿಂಭಾಗವನ್ನು ಅದುಮುತ್ತಿತ್ತು.

ಸರ್ ಚಷ್ಮಾ ತೆಗೆದರು. “ಇದು ನಿಜವಾದ ಒತ್ತೋ, ನಾವು ನೀರನ್ನು ಕತ್ತರಿಸಿದ್ದರಲ್ಲಿ ಎಲ್ಲೋ ಕೊಂಕು ಇದೆಯೋ? ಸಮಿತಿ ಮೊದಲು ಕೇಳುವುದು ಅದನ್ನೇ.”

“ಎಡಕ್ಕೆ ತಿರುಗಿಸಿ ನೋಡ್ತೀನಿ ಸರ್. ಹಡಗಿಗೆ ಎಡ ಬಲ ಎರಡೂ ಒಂದೇ. ನಿಜವಾಗಿದ್ದರೆ ಆ ಕಡೆ ತಿರುಗಿದಾಗಲೂ ಬಾಲ ಇಳೀಬೇಕು. ನನ್ನ ಕೊಂಕಾಗಿದ್ದರೆ ಎಡಕ್ಕೆ ಬಂದಾಗ ಉಲ್ಟಾ ಆಗಿ ಏಳೋ ಸಂಭವ ಹೆಚ್ಚು.”

“ಮುಗಿಯುತ್ತಾ ಅಷ್ಟರೊಳಗೆ?”

ಗೊತ್ತಿರಲಿಲ್ಲ. ಶುರು ಮಾಡಿದೆ.

ಸಮಿತಿಯ ದಿನ ಬೆಳಗಾದರೂ ಅಂಕಿಗಳು ಇನ್ನೂ ಮೇಲೆ ಕೆಳಗೆ ಓಲಾಡುತ್ತಿದ್ದವು. ಒಂದು ಸಾಲಿಗೆ ಮೈನಸ್, ಇನ್ನೊಂದು ಸಾಲಿಗೆ ಇಲ್ಲ. ಯಂತ್ರವನ್ನು ಕಿತ್ತು ಒಯ್ಯುವಂತಿರಲಿಲ್ಲ. ಅಪ್ಪನಿಗೆ ಪಾಳಿ. ನಾನು ಅವ್ವನನ್ನು ಪರದೆಯ ಮುಂದೆ ಕೂರಿಸಿದೆ.

“ಅವ್ವ, ಈ ಕಡೀ ಸಾಲು ನೋಡು. ಅದರಾಗ ಎಲ್ಲಾದಕಿಂತ ಬಲಕ್ಕಿರೋ ಅಂಕಿ. ಅದರ ಮುಂದ ಸಣ್ಣದೊಂದು ಅಡ್ಡಗೆರಿ ಐತೋ ಇಲ್ಲೋ, ಅಷ್ಟ ಹೇಳು.”

“ಅಷ್ಟಽ ಏನು?”

“ಅಷ್ಟಽ.”

“ಅದಕ್ಕ ಇಷ್ಟೆಲ್ಲಾ ಓದೀ ಏನು?”

ಮಧ್ಯಾಹ್ನ ನನ್ನ ಸರದಿ ಬಂತು. ಸಭಾಕೋಣೆಯಲ್ಲಿ ಬಲದ ತಿರುವಿನ ಚಿತ್ರ ತೋರಿಸಿದೆ, ಬಾಲದ ಮೇಲಿನ ಒತ್ತು ತೋರಿಸಿದೆ. ಹೊರಗಿನಿಂದ ಬಂದಿದ್ದ ಒಬ್ಬ ಪ್ರೊಫೆಸರರು ಸರ್ ಹೇಳಿದ ಪ್ರಶ್ನೆಯನ್ನೇ ಕೇಳಿದರು, ಅದಕ್ಕಿಂತ ಒರಟಾಗಿ. ಪಕ್ಕಕ್ಕೆ ತಿರುಗಿದ ಹಡಗು ಕೆಳಗೆ ಯಾಕೆ ಹೋಗಬೇಕು, ಇದು ಲೆಕ್ಕದ ದೋಷ ಎಂದರು. ಎಡದ ತಿರುವು ಓಡುತ್ತಿದೆ, ಫೋನು ಮಾಡಲು ಅಪ್ಪಣೆ ಕೊಡಿ ಎಂದೆ. ಕೋಣೆಯ ಮೂಲೆಯಲ್ಲೇ ಫೋನಿತ್ತು. ಎಲ್ಲರೂ ನೋಡುತ್ತಿರುವಾಗ ಡಯಲ್ ಮಾಡಿದೆ. ನಮ್ಮ ಮನೆಯಲ್ಲಿ ಫೋನಿರಲಿಲ್ಲ, ಕಾಕುವಿನ ಮನೆಯಲ್ಲಿತ್ತು.

“ಕಾಕು, ಮೀ ಬೋಲತೇ. ಅವ್ವನಿಗೆ ಕೇಳು, ಗೆರೆ ಇದೆಯಾ?”

“ಥಾಂಬ, ಥಾಂಬ,” ತಡಿ ತಡಿ, ಅಂದಳು ಕಾಕು. ಆಮೇಲೆ ರಿಸೀವರನ್ನು ಬದಿಗೆ ಹಿಡಿದು ಕಿಟಕಿಯತ್ತ ಅರಚಿದಳು. “ವಹಿನೀ! ರೇಘ್ ಆಹೆ ಕಾ, ರೇಘ್?”

ಗೋಡೆಯಾಚೆ ಕೂಲರಿನ ಭರ್ರೆನ್ನುವ ಸದ್ದಿನ ನಡುವಿನಿಂದ ಅವ್ವನ ದನಿ ಫೋನಿನವರೆಗೂ ಬಂತು. “ಐತಿ ಅನ್ನು! ಅಡ್ಡಗೆರಿ ಐತಿ! ನಾ ಮುಂಜಾನಿಂದ ಎದ್ದಿಲ್ಲ, ಮೂರೂ ನಾಕೂ ಸಾಲಲ್ಲ, ಕಾಣೂ ಎಲ್ಲಾ ಸಾಲಿಗೂ ಐತಿ! ಊಟದ ಹೊತ್ತಿನಿಂದ ಒಂದಕ್ಕೂ ತಪ್ಪಿಲ್ಲ!”

“ಐಕಲಂ ಕಾ?” ಎಂದಳು ಕಾಕು, ಕೇಳಿಸಿತೇ ಎಂದು. “ಆಹೆ ಮ್ಹಣತೇ.” ಇದೆಯಂತೆ.

ಕೇಳಿಸಿತ್ತು. ಅವ್ವನ ಮಾತಿನಲ್ಲಿ ನಾನು ಕೇಳದೇ ಇದ್ದದ್ದೂ ಇತ್ತು. ಊಟದ ಹೊತ್ತಿನಿಂದ ಗೆರೆ ಒಂದಕ್ಕೂ ತಪ್ಪಿಲ್ಲವೆಂದರೆ ಓಲಾಟ ನಿಂತಿದೆ, ಲೆಕ್ಕ ಒಂದು ಕಡೆಗೆ ನಿಂತಿದೆ.

ತಿರುಗಿ ಹೇಳಿದೆ: “ಮೈನಸ್, ಸರ್. ಎಡಕ್ಕೂ ಬಾಲ ಕೆಳಗೇ.”

ಪ್ರೊಫೆಸರರು ಏನೋ ಹೇಳಲು ಬಾಯಿ ತೆರೆದರು. ನಿವೃತ್ತ ಅಧಿಕಾರಿ ಕೈ ಎತ್ತಿದರು. ಚಳಿಗಾಲದಲ್ಲಿ ಕೂತಿದ್ದ ಹಾಗೆಯೇ ಕೂತಿದ್ದರು, ಮುಖ ಮಾತ್ರ ಬೇರೆ. ಅಂಗೈಯನ್ನು ಹಡಗಿನಂತೆ ಮುಂದೆ ಚಾಚಿ, ಪಕ್ಕಕ್ಕೆ ತಿರುಗಿಸುತ್ತ, ಮಣಿಕಟ್ಟನ್ನು ಮೆಲ್ಲನೆ ಕೆಳಗಿಳಿಸಿದರು.

“ಐಸೇ ಬೈಠತೀ ಹೈ,” ಅಂದರು. ಹೀಗೇ ಕೂರುತ್ತಾಳೆ. ಜೋರಾಗಿ ತಿರುಗಿಸಿದಾಗ ಕಾಲಡಿಯ ನೆಲ ಹಿಂದಕ್ಕೆ ಜಾರುವುದನ್ನು ತಾನು ಬಲ್ಲೆ ಎಂದರು. ಆಮೇಲೆ ನನ್ನ ಕಡೆ ನೋಡಿ ನಕ್ಕರು. “ಅಬ್ ಶರೀಫ್ ನಹೀಂ ರಹೀ ಆಪ್ ಕೀ ಬೋಟ್. ಅಬ್ ಅಸಲೀ ಹೈ.” ಈಗ ಮರ್ಯಾದಸ್ತಳಲ್ಲ, ಈಗ ನಿಜವಾದವಳು.

ಲೆಕ್ಕ ಎಲ್ಲಿ ಓಡುತ್ತಿದೆ ಎಂದು ಕೇಳಿದರು. ಸರ್ ಸಂಕೋಚದಿಂದ, “ಕೋರಾಡಿ... ಇವರ ಮನೆಯಲ್ಲಿ,” ಅಂದರು. ಅಧಿಕಾರಿ ಎಷ್ಟು ನಕ್ಕರೆಂದರೆ ಚಹಾ ತಂದವನು ಬಾಗಿಲಲ್ಲೇ ನಿಂತ.

ಕೆಲಸ ನಾಗಪುರದಲ್ಲೇ ಉಳಿಯಿತು. ಹುದ್ದೆ ಬಂತು. ಗೋಪುರವನ್ನು ಸ್ವಲ್ಪ ಮುಂದೆ ಸರಿಸಿ, ಗಿಡ್ಡ ಮಾಡಿ, ಬುಡವನ್ನು ದುಂಡಗೆ ತೀಡಿ, ಬಾಲ ಕಡಿಮೆ ಕೂರುವ ಹಡಗನ್ನು ಹುಡುಕುವುದರಲ್ಲಿ ನನ್ನ ಮುಂದಿನ ವರ್ಷಗಳು ಹೋದವು. ಸಮುದ್ರವನ್ನೂ ನೋಡಿದೆ. ಅಪ್ಪ ನಿವೃತ್ತನಾಗುವಾಗ ನನ್ನ ಹೆಸರಿಗೆ ಬಂದ ಎರಡು ಕೋಣೆಯ ಮನೆಗೆ ಮೂವರೂ ಬಂದೆವು. ಕೂಲರ್ ಜೊತೆಗೆ ಬಂತು. ಕಾಕು ಬರಲಿಲ್ಲ, ಅವಳ ಕೂಗು ಇಲ್ಲದ ಬೇಸಿಗೆಯ ಬೆಳಗು ನನಗೆ ಈಗಲೂ ಅರೆಮನಸ್ಸಿನದು.

ಸಮಿತಿ ಕೂತ ಆ ದಿನ ಸಂಜೆ ಬಸ್ಸಿಳಿದು ಓಡುತ್ತ ಮನೆಗೆ ಬಂದೆ. ಅವ್ವ ಇನ್ನೂ ಪರದೆಯ ಮುಂದೆಯೇ ಕೂತಿದ್ದಳು, ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಕೂಲರಿನ ಗಾಳಿಗೆ ಕಣ್ಣು ಕಿರಿದು ಮಾಡಿಕೊಂಡು. ಹೇಳಿದೆ. ಎಲ್ಲ ಹೇಳಿದೆ. ಅವಳು ಪೂರಾ ಕೇಳಿದಳು, ನನ್ನ ಕೆನ್ನೆ ಸವರಿ ಲಟಿಕೆ ಮುರಿದಳು, ನಂತರ ಅಟ್ಟದ ಮೇಲೆ ಬಟ್ಟೆ ಹೊದ್ದು ಕೂತಿದ್ದ ವಸ್ತುವಿನ ಕಡೆ ನೋಡಿದಳು.

“ಹಂಗಾರ ಇನ್ನ ಮಿಕ್ಸರ್ ಹಚ್ಚಲೇನು?”